ಡೆಂಗೆ ಎಲ್ಲಿ, ಯಾವಾಗ? ಸಿಂಗಪುರದ ನಕ್ಷೆ ಹೇಳುವುದೇನು?

ಡೆಂಗೆ ಜ್ವರದ ಸುದ್ದಿ ಬಹುತೇಕ ಸಂಖ್ಯೆಗಳ ರೂಪದಲ್ಲಿಯೇ ಬರುತ್ತದೆ. ಈ ವಾರ ಇಷ್ಟು ಮಂದಿಗೆ ಸೋಂಕು, ಕಳೆದ ವರ್ಷಕ್ಕಿಂತ ಇಷ್ಟು ಹೆಚ್ಚು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಆದರೆ ರೋಗವನ್ನು ತಡೆಯಬೇಕಾದವರಿಗೆ ಈ ಒಟ್ಟು ಲೆಕ್ಕದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಸಾವಿರ ರೋಗಿಗಳು ನಗರದ ತುಂಬ ಚದುರಿದ್ದಾರೆಯೇ ಅಥವಾ ಹತ್ತಾರು ಬೀದಿಗಳಲ್ಲಿ ಮಾತ್ರ ಇದ್ದಾರೆಯೇ, ಎಲ್ಲರಿಗೂ ಒಂದೇ ವಾರದಲ್ಲಿ ಜ್ವರ ಬಂದಿತೇ ಅಥವಾ ಮೂರು ತಿಂಗಳ ಅವಧಿಯಲ್ಲಿ ಬಂದಿತೇ ಎಂಬುದು ತಿಳಿಯದೆ ಔಷಧಿ ಸಿಂಪಡಿಸುವುದು ಕತ್ತಲೆಯಲ್ಲಿ ಕಲ್ಲು ಎಸೆದಂತೆಯೇ ಸರಿ.

ಈ ಪ್ರಶ್ನೆಗಳಿಗೆ ದಶಕಗಳಿಂದ ಶಿಸ್ತುಬದ್ಧವಾಗಿ ಉತ್ತರ ಹುಡುಕುತ್ತಿರುವ ನಗರಗಳಲ್ಲಿ ಸಿಂಗಪುರ ಪ್ರಮುಖವಾದುದು. ಸಮಭಾಜಕ ವೃತ್ತಕ್ಕೆ ತೀರ ಹತ್ತಿರದಲ್ಲಿರುವ ಈ ದ್ವೀಪ ನಗರದಲ್ಲಿ ವರ್ಷವಿಡೀ ಸೆಕೆ, ವರ್ಷವಿಡೀ ಮಳೆ. ಡೆಂಗೆ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಇದಕ್ಕಿಂತ ಅನುಕೂಲಕರ ವಾತಾವರಣ ಬೇರೊಂದಿಲ್ಲ. ಡೆಂಗೆ ರೋಗಿಯ ಮಾಹಿತಿಯನ್ನು ವೈದ್ಯರು ಮತ್ತು ಪ್ರಯೋಗಾಲಯಗಳು ಸರ್ಕಾರಕ್ಕೆ ತಿಳಿಸುವುದು ಅಲ್ಲಿ ಕಾನೂನುಬದ್ಧ ಕರ್ತವ್ಯ. ಹೀಗೆ ಬಂದ ಪ್ರತಿಯೊಂದು ಪ್ರಕರಣವೂ ನಕ್ಷೆಯ ಮೇಲೆ ಒಂದು ಚುಕ್ಕೆಯಾಗುತ್ತದೆ.

150 ಮೀಟರ್, 14 ದಿನ

ಚುಕ್ಕೆಗಳನ್ನು ಇಟ್ಟ ಮಾತ್ರಕ್ಕೆ ಅರ್ಥ ಹೊರಡುವುದಿಲ್ಲ. ಯಾವ ಚುಕ್ಕೆಗಳು ಪರಸ್ಪರ ಸಂಬಂಧ ಹೊಂದಿವೆ ಎಂಬುದನ್ನು ತೀರ್ಮಾನಿಸಲು ಒಂದು ಅಳತೆಗೋಲು ಬೇಕು. ಸಿಂಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆ ಅನುಸರಿಸುವ ನಿಯಮ ಸರಳವಾಗಿದೆ. 150 ಮೀಟರ್ ವ್ಯಾಪ್ತಿಯೊಳಗೆ ಎರಡು ಅಥವಾ ಹೆಚ್ಚು ಮಂದಿಗೆ 14 ದಿನಗಳ ಅಂತರದಲ್ಲಿ ಜ್ವರ ಕಾಣಿಸಿಕೊಂಡರೆ ಆ ಪ್ರದೇಶವನ್ನು 'ಡೆಂಗೆ ಕ್ಲಸ್ಟರ್' ಎಂದು ಘೋಷಿಸಲಾಗುತ್ತದೆ. ಹತ್ತಕ್ಕಿಂತ ಕಡಿಮೆ ಪ್ರಕರಣಗಳಿದ್ದರೆ ಹಳದಿ, ಹತ್ತು ಅಥವಾ ಹೆಚ್ಚಾದರೆ ಕೆಂಪು ಬಣ್ಣ. ಈ ನಕ್ಷೆ ಸಾರ್ವಜನಿಕರಿಗೆ ಮುಕ್ತವಾಗಿದ್ದು, ತಮ್ಮ ಮನೆಯ ಸುತ್ತ ಏನು ನಡೆಯುತ್ತಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು.

ಈ ಎರಡು ಅಂಕಿಗಳ ಹಿಂದೆ ಸೊಳ್ಳೆಯ ಜೀವನಕ್ರಮವೇ ಇದೆ. ಈಡಿಸ್ ಸೊಳ್ಳೆ ದೂರ ಹಾರುವ ಕೀಟವಲ್ಲ. ಆಹಾರವೂ ನೀರೂ ಹತ್ತಿರದಲ್ಲಿ ಸಿಕ್ಕರೆ ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರ್‌ಗಳೊಳಗೇ ಆಯುಷ್ಯ ಕಳೆಯುತ್ತದೆ. ಸೋಂಕಿತ ಸೊಳ್ಳೆ ಕಚ್ಚಿದ ಬಳಿಕ ಮನುಷ್ಯನಲ್ಲಿ ಜ್ವರ ಕಾಣಿಸಲು 4ರಿಂದ 10 ದಿನ ಬೇಕು. ಆ ರೋಗಿಯ ರಕ್ತ ಹೀರಿದ ಸೊಳ್ಳೆ ಇನ್ನೊಬ್ಬರಿಗೆ ವೈರಾಣುವನ್ನು ದಾಟಿಸುವ ಶಕ್ತಿ ಪಡೆಯಲು ಮತ್ತೆ 8ರಿಂದ 12 ದಿನ. ಹೀಗಾಗಿ ಹತ್ತಿರದ ಎರಡು ಮನೆಗಳಲ್ಲಿ ಹದಿನೈದು ದಿನಗಳೊಳಗೆ ಇಬ್ಬರಿಗೆ ಜ್ವರ ಬಂದರೆ, ಇಬ್ಬರನ್ನೂ ಅದೇ ಜಾಗದ ಸೊಳ್ಳೆಗಳು ಕಚ್ಚಿರುವ ಸಾಧ್ಯತೆ ಹೆಚ್ಚು.

ಸೊಳ್ಳೆಗೂ ಜನಗಣತಿ

ರೋಗಿಗಳ ನಕ್ಷೆಗೆ ಒಂದು ಮಿತಿಯಿದೆ. ಅದು ಹೇಳುವುದು ಆಗಿಹೋದ ಕಥೆಯನ್ನು. ಜ್ವರ ಬಂದು, ರೋಗಿ ವೈದ್ಯರ ಬಳಿ ಹೋಗಿ, ರಕ್ತಪರೀಕ್ಷೆಯ ವರದಿ ಕೈಸೇರುವ ವೇಳೆಗೆ ಸೊಳ್ಳೆ ಕಚ್ಚಿ ಒಂದೆರಡು ವಾರಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಆ ರೋಗಿಯನ್ನು ಕಚ್ಚಿದ ಇತರ ಸೊಳ್ಳೆಗಳು ಮುಂದಿನ ಸುತ್ತಿಗೆ ಸಜ್ಜಾಗುತ್ತಿರುತ್ತವೆ.

ಆದ್ದರಿಂದ ಸಿಂಗಪುರವು ರೋಗಿಗಳ ಜೊತೆಗೆ ಸೊಳ್ಳೆಗಳನ್ನೂ ಎಣಿಸಲಾರಂಭಿಸಿತು. ಮೊಟ್ಟೆಯಿಡಲು ಬರುವ ಹೆಣ್ಣು ಸೊಳ್ಳೆಯನ್ನು ಆಕರ್ಷಿಸುವ ನೀರು ಮತ್ತು ಒಳಗೋಡೆಗೆ ಅಂಟು ಇರುವ 'ಗ್ರಾವಿಟ್ರಾಪ್' ಎಂಬ ಕಪ್ಪು ಡಬ್ಬಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ವಸತಿ ಸಮುಚ್ಚಯಗಳ ಮೊಗಸಾಲೆಗಳಲ್ಲಿ ಇಡಲಾಗಿದೆ. ಸಿಕ್ಕಿಬಿದ್ದ ಸೊಳ್ಳೆಗಳ ಲೆಕ್ಕದಿಂದ ಯಾವ ಬಡಾವಣೆಯಲ್ಲಿ ಅಪಾಯ ಏರುತ್ತಿದೆ ಎಂಬುದು, ಮೊದಲ ರೋಗಿ ಪತ್ತೆಯಾಗುವ ಮುನ್ನವೇ ತಿಳಿಯುತ್ತದೆ. ಇತ್ತೀಚಿನ ಪ್ರಕರಣಗಳು, ಉಷ್ಣಾಂಶ, ಸೊಳ್ಳೆ ಉತ್ಪತ್ತಿಯ ಪ್ರಮಾಣ ಮುಂತಾದವನ್ನು ಸೇರಿಸಿ ಮೂರು ತಿಂಗಳ ಮುಂದಿನವರೆಗೆ ಅಂದಾಜು ಮಾಡುವ ಗಣಿತ ಮಾದರಿಗಳನ್ನೂ ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದಾರೆ. 'ಎಲ್ಲಿ' ಎಂಬುದಕ್ಕೆ ನಕ್ಷೆ ಉತ್ತರವಾದರೆ, 'ಯಾವಾಗ' ಎಂಬುದಕ್ಕೆ ಈ ಮಾದರಿಗಳು ಉತ್ತರ.

ಸೊಳ್ಳೆ ಕಡಿಮೆ, ಜ್ವರ ಹೆಚ್ಚು

ಇಷ್ಟೆಲ್ಲ ಇದ್ದರೂ ಸಿಂಗಪುರದಿಂದ ಡೆಂಗೆ ತೊಲಗಿಲ್ಲ ಎಂಬುದು ಗಮನಾರ್ಹ. 1966ರಲ್ಲಿ ಅಲ್ಲಿ ತಪಾಸಣೆ ಮಾಡಿದ ಮನೆಗಳ ಪೈಕಿ ಸುಮಾರು ಶೇ 48ರಲ್ಲಿ ಈಡಿಸ್ ಲಾರ್ವಾ ಕಂಡುಬಂದಿತ್ತು. ಕಟ್ಟುನಿಟ್ಟಿನ ಕಾನೂನು ಮತ್ತು ಮನೆಮನೆ ತಪಾಸಣೆಯಿಂದ 1970ರ ದಶಕದಲ್ಲಿ ಈ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು. ಸುಮಾರು 15 ವರ್ಷ ರೋಗವೂ ಹತೋಟಿಯಲ್ಲಿತ್ತು. ಆದರೆ 1990ರ ದಶಕದಿಂದ ಅದು ಮತ್ತೆ ತಲೆಯೆತ್ತಿತು. 2005ರಲ್ಲಿ 14 ಸಾವಿರಕ್ಕೂ ಹೆಚ್ಚು, 2013ರಲ್ಲಿ 22 ಸಾವಿರಕ್ಕೂ ಹೆಚ್ಚು, 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು.

ಈ ವಿರೋಧಾಭಾಸಕ್ಕೆ ತಜ್ಞರು ಮುಖ್ಯವಾಗಿ ಎರಡು ಕಾರಣ ನೀಡುತ್ತಾರೆ. ದೀರ್ಘಕಾಲ ರೋಗ ವಿರಳವಾಗಿದ್ದರಿಂದ ಜನರಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿತು. ಹಾಗಾಗಿ ಈಗ ಕೆಲವೇ ಸೊಳ್ಳೆಗಳು ಸಾಕು. ಎರಡನೆಯದಾಗಿ, ಮನೆಗಳು ಸ್ವಚ್ಛವಾದಂತೆ ಸೋಂಕು ಶಾಲೆ, ಕಚೇರಿ, ಕಟ್ಟಡ ಕಾಮಗಾರಿಯ ಸ್ಥಳಗಳಂಥ ಕಡೆಗೆ ಸರಿದಿರುವ ಸಾಧ್ಯತೆಯಿದೆ. ಡೆಂಗೆ ವೈರಾಣುವಿನಲ್ಲಿ ನಾಲ್ಕು ಪ್ರಭೇದಗಳಿದ್ದು, ಚಾಲ್ತಿಯಲ್ಲಿರುವ ಪ್ರಭೇದ ಬದಲಾದಾಗಲೆಲ್ಲ ಹೊಸ ಅಲೆ ಏಳುವುದೂ ಉಂಟು.

ನಕ್ಷೆಗೆ ಕಾಣದ ದಾರಿ

ಇಲ್ಲಿಯೇ ನಕ್ಷೆಯ ದೊಡ್ಡ ದೌರ್ಬಲ್ಯವೂ ಬಯಲಾಗುತ್ತದೆ. ನಕ್ಷೆಯ ಮೇಲೆ ಬೀಳುವ ಚುಕ್ಕೆ ಸಾಮಾನ್ಯವಾಗಿ ರೋಗಿ ಮಲಗುವ ಮನೆಯದು. ಆದರೆ ಈಡಿಸ್ ಕಚ್ಚುವುದು ಹಗಲಿನಲ್ಲಿ. ಆ ಹೊತ್ತಿಗೆ ರೋಗಿ ಹತ್ತು ಕಿಲೋಮೀಟರ್ ದೂರದ ಕಚೇರಿಯಲ್ಲೋ ನೆಂಟರ ಮನೆಯಲ್ಲೋ ಇದ್ದಿರಬಹುದು. ಪೆರು ದೇಶದ ಇಕಿಟೋಸ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನರು ಮನೆಯಿಂದ ಮನೆಗೆ ಓಡಾಡುವುದೇ ಡೆಂಗೆ ಹರಡುವಿಕೆಯ ಮುಖ್ಯ ಚಾಲಕಶಕ್ತಿ ಎಂದು ತೋರಿಸಿತು. ಸೊಳ್ಳೆ ಬೀದಿ ದಾಟುವುದು ಕಷ್ಟ. ವೈರಾಣು ಮಾತ್ರ ಮನುಷ್ಯನ ಜೊತೆ ಬಸ್ಸಿನಲ್ಲಿ ಪ್ರಯಾಣಿಸುತ್ತದೆ.

ಇದಲ್ಲದೆ, ಡೆಂಗೆ ಸೋಂಕು ತಗುಲಿದ ನಾಲ್ವರಲ್ಲಿ ಸುಮಾರು ಮೂವರಿಗೆ ರೋಗಲಕ್ಷಣವೇ ಕಾಣಿಸುವುದಿಲ್ಲ. ಅವರು ಆಸ್ಪತ್ರೆಗೆ ಹೋಗುವುದಿಲ್ಲ, ನಕ್ಷೆಗೂ ಸೇರುವುದಿಲ್ಲ. ಆದರೆ ಅವರಿಂದಲೂ ಸೊಳ್ಳೆಗೆ ವೈರಾಣು ತಲುಪಬಲ್ಲದು. ಖಾಲಿ ಕಾಣುವ ಬಡಾವಣೆ ನಿರಾತಂಕವೆಂದು ತಿಳಿಯುವುದು ಅಪಾಯಕಾರಿ ಎನ್ನುವುದು ಇದಕ್ಕೇ.

ಕರ್ನಾಟಕಕ್ಕೆ ಪಾಠ

ರಾಜ್ಯದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳು ಮೂಡಿವೆ. 2024ರಲ್ಲಿ ಡೆಂಗೆ ತೀವ್ರವಾಗಿ ಹರಡಿದಾಗ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವ ಮನೆ, ಅಂಗಡಿ, ಕಾಮಗಾರಿ ಸ್ಥಳಗಳ ಮಾಲೀಕರಿಗೆ ದಂಡ ವಿಧಿಸುವ ನಿಯಮ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್, ಆರೋಗ್ಯ ಇಲಾಖೆಯ ಸಹಯೋಗದಲ್ಲಿ ಡೆಂಗೆ ಮುನ್ಸೂಚನೆಯ ವ್ಯವಸ್ಥೆ ರೂಪಿಸುವ ಕಾರ್ಯದಲ್ಲಿ ತೊಡಗಿದೆ.

ಆದರೆ ಸಿಂಗಪುರದ ನಕ್ಷೆಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ಇಲ್ಲಿನ ನಗರಗಳಲ್ಲಿ ನೀರು ಬರುವ ದಿನಕ್ಕಾಗಿ ಕಾದು ಸಂಪು, ಡ್ರಮ್ಮು, ಬಿಂದಿಗೆಗಳಲ್ಲಿ ತುಂಬಿಡಬೇಕು. ಮುಚ್ಚಳವಿಲ್ಲದ ಡ್ರಮ್ಮು ನಿವಾಸಿಗಳ ನಿರ್ಲಕ್ಷ್ಯಕ್ಕಷ್ಟೇ ಅಲ್ಲ, ನೀರು ಸರಬರಾಜಿನ ಕೊರತೆಗೂ ಸಾಕ್ಷಿ. ಆದ್ದರಿಂದ ಇಲ್ಲಿ ರೋಗದ ನಕ್ಷೆಯ ಮೇಲೆ ನೀರು ಪೂರೈಕೆಯ ನಕ್ಷೆಯನ್ನೂ ಇಟ್ಟು ನೋಡಬೇಕಾಗುತ್ತದೆ. ದಾಖಲಾತಿಯಲ್ಲಿ ಬರೆಸುವ ವಿಳಾಸವೂ ಸರಿಯಿರಬೇಕು. ನಗರದ ಬಾಡಿಗೆ ಕೋಣೆಯಲ್ಲಿರುವ ರೋಗಿ ತನ್ನ ಊರಿನ ವಿಳಾಸ ನೀಡಿದರೆ ಚುಕ್ಕೆ ಬೀಳುವುದು ನೂರಾರು ಕಿಲೋಮೀಟರ್ ಆಚೆ.

ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ತಿಕ್ಕಿ ಒಣಗಿಸಿ, ಮುಚ್ಚಿಡುವುದಕ್ಕೆ ನಕ್ಷೆಯ ಅಗತ್ಯವಿಲ್ಲ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಬೇಕು ಎಂಬ ಲೆಕ್ಕವೊಂದೇ ಸಾಕು. ಆದರೆ ಯಾವ ಬಡಾವಣೆಯ ಬಾಗಿಲನ್ನು ಮೊದಲು ತಟ್ಟಬೇಕು, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿರಬೇಕು ಎಂಬ ತೀರ್ಮಾನಕ್ಕೆ ನಕ್ಷೆ ಬೇಕೇ ಬೇಕು. ಅದು ಕಚೇರಿಯ ಕಂಪ್ಯೂಟರಿನಲ್ಲಿ ಉಳಿಯದೆ ನಾಗರಿಕರ ಕೈಗೂ ಸಿಗಬೇಕು ಎಂಬುದೇ ಸಿಂಗಪುರದ ಅನುಭವ ಹೇಳುವ ಮುಖ್ಯ ಮಾತು.