ಊರಲ್ಲೇ ಕುಳಿತು ಪರದೇಶದ ನೌಕರಿ: ಸಂಬಳ ಬಂದರಷ್ಟೇ ಸಾಕೆ?

ನೌಕರಿ ಎಂದರೆ ಊರು ಬಿಡುವುದು ಎಂಬ ಮಾತು ಬೈಲಹೊಂಗಲ ಸೀಮೆಯಲ್ಲಿ ಬಹುಕಾಲ ನಿಜವಾಗಿತ್ತು. ಪದವಿ ಮುಗಿಸಿದವರು ಬೆಳಗಾವಿ, ಹುಬ್ಬಳ್ಳಿ ದಾಟಿ ಪುಣೆಗೋ ಬೆಂಗಳೂರಿಗೋ ಹೋಗಬೇಕು. ಬಾಡಿಗೆ, ಊಟ, ಬಸ್ಸು ಎಂದು ಅರ್ಧ ಸಂಬಳ ಅಲ್ಲೇ ಕರಗಬೇಕು. 2020ರ ಕೋವಿಡ್ ಲಾಕ್‌ಡೌನ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಕಂಪ್ಯೂಟರಿನ ಕೆಲಸಕ್ಕೆ ಕಚೇರಿಯ ಗೋಡೆ ಬೇಕಿಲ್ಲ ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಇಂಟರ್‌ನೆಟ್ ಸಂಪರ್ಕ ಚೆನ್ನಾಗಿದ್ದರೆ ಕಿತ್ತೂರಿನ ಹುಡುಗಿ ಲಂಡನ್ನಿನ ಕಂಪನಿಗೂ ಸವದತ್ತಿಯ ಹುಡುಗ ಅಮೆರಿಕದ ಕಂಪನಿಗೂ ಕೆಲಸ ಮಾಡಬಹುದು.

ಅವಕಾಶವೇನೋ ದೊಡ್ಡದು. ಆದರೆ ಮಾಲೀಕ ಒಂದು ದೇಶದಲ್ಲಿ, ನೌಕರ ಇನ್ನೊಂದು ದೇಶದಲ್ಲಿ ಇರುವಾಗ ಯಾವ ದೇಶದ ಕಾನೂನು ನಡೆಯುತ್ತದೆ? ತೆರಿಗೆ ಯಾರಿಗೆ ಕಟ್ಟಬೇಕು? ಭವಿಷ್ಯನಿಧಿ ಯಾರು ತುಂಬಬೇಕು? ನೌಕರಿಯ ಪತ್ರ ಕೈಗೆ ಬಂದ ಸಂಭ್ರಮದಲ್ಲಿ ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ.

ಹಳೆಯ ಪಾಠ

ದೂರದ ಮಾಲೀಕನಿಗಾಗಿ ಮನೆಯಲ್ಲೇ ಕುಳಿತು ದುಡಿಯುವುದು ಈ ನಾಡಿಗೆ ಹೊಸದಲ್ಲ. ರಾಮದುರ್ಗದ ಕಡೆಯ ನೇಕಾರರನ್ನೇ ನೋಡಿ. ನೂಲು ಬೇರೆಯವರದು, ಮಗ್ಗ ಮನೆಯಲ್ಲಿ, ಕೂಲಿ ನೇಯ್ದ ಬಟ್ಟೆಯ ಲೆಕ್ಕದಲ್ಲಿ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೇಕಾರರಿಗೆ ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ಕೊಡುವ ಪದ್ಧತಿಯಲ್ಲೇ ನಡೆದುಬಂದಿದೆ.

ಬೀಡಿ ಉದ್ಯಮದ ಕಥೆ ಇನ್ನೂ ಬೋಧಪ್ರದ. ನಿಪ್ಪಾಣಿಯಲ್ಲಿ, ಕರಾವಳಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮನೆಯಲ್ಲೇ ಬೀಡಿ ಕಟ್ಟಿ ಸಂಸಾರ ತೂಗಿಸಿದವರು. ಇವರು ನೌಕರರೋ, ಸ್ವತಂತ್ರವಾಗಿ ಕೆಲಸ ಹಿಡಿದ ಗುತ್ತಿಗೆದಾರರೋ? 1966ರಲ್ಲಿ ಬಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಕರೆಯಿತು. ಮಾಲೀಕರು ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಕಟ್ಟಿದ ಬೀಡಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಮಾಲೀಕನ ಕೈಯಲ್ಲಿದ್ದುದನ್ನು ನ್ಯಾಯಾಲಯ ಗಮನಿಸಿತ್ತು.

ಇದರ ತಿರುಳು ಇಷ್ಟೇ: ಕೆಲಸ ಎಲ್ಲಿ ನಡೆಯುತ್ತದೆ ಎಂಬುದಕ್ಕಿಂತ ಅದರ ಮೇಲೆ ಹಿಡಿತ ಯಾರದು ಎಂಬುದೇ ಮುಖ್ಯ. ಬೀಡಿಯ ಬುಟ್ಟಿಯ ಜಾಗದಲ್ಲಿ ಇಂದು ಲ್ಯಾಪ್‌ಟಾಪ್ ಬಂದಿದೆ. ಪ್ರಶ್ನೆ ಮಾತ್ರ ಬದಲಾಗಿಲ್ಲ.

ಮೂರು ದಾರಿಗಳು

ವಿದೇಶಿ ಕಂಪನಿಯೊಂದು ಭಾರತದಲ್ಲಿರುವವರಿಂದ ಕೆಲಸ ಪಡೆಯಲು ಸಾಮಾನ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಇಲ್ಲಿಯೇ ತನ್ನ ಅಂಗಸಂಸ್ಥೆ ತೆರೆಯುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದದ್ದು ಈ ದಾರಿಯಲ್ಲಿ. ನೂರಾರು ಜನರನ್ನು ನೇಮಿಸುವ ದೊಡ್ಡ ಕಂಪನಿಗಳಿಗೆ ಇದು ಸರಿ. ಆದರೆ ಕಂಪನಿ ನೋಂದಣಿ, ಭಾರತದಲ್ಲಿ ವಾಸಿಸುವ ಒಬ್ಬ ನಿರ್ದೇಶಕ, ವರ್ಷವರ್ಷದ ಲೆಕ್ಕಪರಿಶೋಧನೆ ಎಲ್ಲವೂ ಬೇಕು. ಒಬ್ಬಿಬ್ಬರಿಗಾಗಿ ಇಷ್ಟು ಖರ್ಚು ಯಾರೂ ಮಾಡುವುದಿಲ್ಲ.

ಎರಡನೆಯದು, ಮಧ್ಯವರ್ತಿ ಸಂಸ್ಥೆಯ ಮೂಲಕ ನೇಮಕ. ಇದನ್ನು ‘ಎಂಪ್ಲಾಯರ್ ಆಫ್ ರೆಕಾರ್ಡ್’ ಎನ್ನುತ್ತಾರೆ. ಭಾರತದಲ್ಲಿ ನೋಂದಣಿಯಾದ ಸಂಸ್ಥೆಯೊಂದು ಕಾಗದದ ಮೇಲೆ ಮಾಲೀಕನಾಗುತ್ತದೆ. ನೇಮಕಾತಿ ಪತ್ರ, ರೂಪಾಯಿಯಲ್ಲಿ ಸಂಬಳ, ತೆರಿಗೆ ಕಡಿತ, ಭವಿಷ್ಯನಿಧಿ ಎಲ್ಲವೂ ಅದರ ಹೊಣೆ. ದಿನನಿತ್ಯದ ಕೆಲಸ ಹೇಳುವುದು ವಿದೇಶಿ ಕಂಪನಿ.

ಮೂರನೆಯದು, ಸ್ವತಂತ್ರ ಗುತ್ತಿಗೆ. ಕೆಲಸ ಮಾಡಿದವರು ತಿಂಗಳಿಗೊಮ್ಮೆ ಬಿಲ್ ಕಳಿಸುತ್ತಾರೆ, ಡಾಲರಿನಲ್ಲೋ ಪೌಂಡಿನಲ್ಲೋ ಹಣ ಬ್ಯಾಂಕಿಗೆ ಬರುತ್ತದೆ. ಕಂಪನಿಗೆ ಇದು ಅಗ್ಗ, ಸುಲಭ. ಆದ್ದರಿಂದಲೇ ಇಲ್ಲಿ ಎಚ್ಚರವೂ ಹೆಚ್ಚು ಬೇಕು. ಹೆಸರಿಗೆ ಗುತ್ತಿಗೆ, ಆದರೆ ದಿನಕ್ಕೆ ಎಂಟು ಗಂಟೆ ಹಾಜರಿ, ರಜೆಗೆ ಅನುಮತಿ, ಬೇರೆಯವರ ಕೆಲಸ ಮಾಡಬಾರದೆಂಬ ಷರತ್ತು ಇದ್ದರೆ ಅದು ನಿಜವಾಗಿ ನೌಕರಿಯೇ. ವಿವಾದವೆದ್ದಾಗ ಕಾನೂನು ಪತ್ರದ ತಲೆಬರಹವನ್ನಷ್ಟೇ ನೋಡುವುದಿಲ್ಲ, ಒಳಗಿನ ವ್ಯವಹಾರವನ್ನೂ ನೋಡುತ್ತದೆ.

ಕಂಪನಿಗಳಿಗೂ ಒಂದು ಭಯವಿದೆ. ಇಲ್ಲಿರುವ ನೌಕರ ಕಂಪನಿಯ ಪರವಾಗಿ ಒಪ್ಪಂದಗಳನ್ನು ಕುದುರಿಸತೊಡಗಿದರೆ, ಆ ಕಂಪನಿಗೆ ಭಾರತದಲ್ಲಿ ‘ಕಾಯಂ ನೆಲೆ’ ಇದೆ ಎಂದು ತೆರಿಗೆ ಇಲಾಖೆ ಭಾವಿಸಬಹುದು. ಆಗ ಲಾಭದ ಒಂದು ಪಾಲಿಗೆ ಇಲ್ಲಿ ತೆರಿಗೆ ಬೀಳುತ್ತದೆ.

ಸಂಬಳದ ಚೀಟಿಯಲ್ಲಿ ಏನಿರಬೇಕು?

ಮಾಲೀಕ ಯಾವ ದೇಶದವನೇ ಇರಲಿ, ಭಾರತದಲ್ಲಿ ಕುಳಿತು ಮಾಡಿದ ಕೆಲಸದ ಸಂಬಳ ಭಾರತದಲ್ಲಿ ಗಳಿಸಿದ ಆದಾಯವೇ. ಅದಕ್ಕೆ ಇಲ್ಲಿನ ಆದಾಯ ತೆರಿಗೆ ಅನ್ವಯ. ವಿದೇಶದಿಂದ ಬಂದ ಹಣಕ್ಕೆ ತೆರಿಗೆ ಇಲ್ಲ ಎಂಬುದು ಬರೀ ತಪ್ಪು ತಿಳಿವಳಿಕೆ.

ಭವಿಷ್ಯನಿಧಿಗೆ ನೌಕರನ ಪಾಲು ಶೇ 12, ಮಾಲೀಕನ ಪಾಲೂ ಶೇ 12. ಮೂಲವೇತನ 15,000 ರೂಪಾಯಿ ಎಂದುಕೊಂಡರೆ ಇಬ್ಬರಿಂದಲೂ ತಲಾ 1,800 ರೂಪಾಯಿ. ಮಾಲೀಕನ ಪಾಲಿನಲ್ಲಿ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆಯೂ ಸೇರುತ್ತದೆ. ಸಂವಿಧಾನದ 276ನೇ ವಿಧಿಯಂತೆ ಅದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಕಾಯಂ ನೌಕರರಿಗೆ ಐದು ವರ್ಷದ ಸೇವೆಯ ಬಳಿಕ ಗ್ರಾಚ್ಯುಟಿ, ಅಂದರೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ. ಹೆಣ್ಣುಮಕ್ಕಳಿಗೆ ಮೊದಲೆರಡು ಹೆರಿಗೆಗೆ 26 ವಾರಗಳ ವೇತನಸಹಿತ ರಜೆಯನ್ನು 2017ರ ತಿದ್ದುಪಡಿ ಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ನೀಡಿವೆ.

ಗುತ್ತಿಗೆಯವರಿಗೆ ಇದಾವುದೂ ಇಲ್ಲ. ಆದ್ದರಿಂದ ನೌಕರನ 60,000 ರೂಪಾಯಿಯೂ ಗುತ್ತಿಗೆಯವನ 60,000 ರೂಪಾಯಿಯೂ ಒಂದೇ ಅಲ್ಲ. ರಜೆ, ವಿಮೆ, ಭವಿಷ್ಯನಿಧಿಯ ಪಾಲು ಎಲ್ಲವನ್ನೂ ಕೂಡಿಸಿಯೇ ಗುತ್ತಿಗೆಯ ದರ ಕೇಳಬೇಕು.

ಗುತ್ತಿಗೆಯವರ ಲೆಕ್ಕಪತ್ರ

ಸ್ವತಂತ್ರವಾಗಿ ದುಡಿಯುವವರ ತೆರಿಗೆಯನ್ನು ಯಾರೂ ಕಡಿದು ಕಟ್ಟುವುದಿಲ್ಲ. ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚಾಗುವುದಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳುಗಳ 15ರೊಳಗೆ ಕಂತುಗಳಲ್ಲಿ ಮುಂಗಡವಾಗಿ ಕಟ್ಟಬೇಕು. ಎಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ಕೆಲವು ವೃತ್ತಿಗಳವರಿಗೆ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸುವ ಸರಳ ಯೋಜನೆಯುಂಟು. ಅಂಥವರು ಮಾರ್ಚ್ 15ಕ್ಕೆ ಒಂದೇ ಕಂತು ಕಟ್ಟಿದರೆ ಸಾಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಯ ರಫ್ತಿಗೆ ತೆರಿಗೆ ದರ ಸೊನ್ನೆ. ಆದರೆ ಅದಕ್ಕೆ ಮುಚ್ಚಳಿಕೆ ಪತ್ರ ಸಲ್ಲಿಸಿರಬೇಕು.

ಹಣ ಬ್ಯಾಂಕಿನ ಮೂಲಕವೇ ಬರಬೇಕು, ಪ್ರತಿ ಸಲ ವಿದೇಶಿ ಹಣ ಸಂದಾಯದ ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳಬೇಕು. ನಾಳೆ ಮನೆ ಸಾಲಕ್ಕೋ ತಂಗಿಯ ಶಿಕ್ಷಣ ಸಾಲಕ್ಕೋ ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ಈ ಕಾಗದಗಳನ್ನೇ.

ಪಾಲಕರ ಗಮನಕ್ಕೆ

ನೌಕರಿ ಕೊಡುವ ಪ್ರಾಮಾಣಿಕ ಕಂಪನಿ ನೌಕರನಿಂದ ಹಣ ಕೇಳುವುದಿಲ್ಲ. ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪಿನ ಮುಂಗಡ ಎಂದು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಮಗನ ಬ್ಯಾಂಕ್ ಖಾತೆಗೆ ಯಾರದೋ ಹಣ ಹಾಕಿಸಿ ಮುಂದಕ್ಕೆ ಕಳಿಸು ಎನ್ನುವುದು ನೌಕರಿಯಲ್ಲ, ಅಪರಾಧದಲ್ಲಿ ಪಾಲು. ಮೋಸ ಹೋದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ತಿಳಿಸಬೇಕು.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿ ನೋಡಬೇಕು: ಕಾಗದದ ಮೇಲಿನ ಮಾಲೀಕ ಯಾರು, ಕೆಲಸ ಬಿಡಿಸಲು ಎಷ್ಟು ದಿನದ ನೋಟಿಸು, ಸಂಬಳ ಯಾವ ಹಣದಲ್ಲಿ, ತಕರಾರು ಬಂದರೆ ಯಾವ ಊರಿನ ನ್ಯಾಯಾಲಯ. ಕೊನೆಯದು ಬಲು ಮುಖ್ಯ. ಎರಡು ತಿಂಗಳ ಬಾಕಿ ಸಂಬಳಕ್ಕಾಗಿ ಬೈಲಹೊಂಗಲದಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿ ದಾವೆ ಹೂಡುವುದು ಯಾರಿಂದಲೂ ಆಗದು. ಮಾಲೀಕ ಭಾರತದಲ್ಲಿ ನೋಂದಣಿಯಾದ ಸಂಸ್ಥೆಯಾಗಿದ್ದರೆ ಇಲ್ಲಿನ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಬಹುದು.

ಬೈಲಹೊಂಗಲದ ಮಾರುಕಟ್ಟೆಗೆ ಹತ್ತಿ ತಂದ ರೈತ ತೂಕ, ದರ, ಕಡಿತ ಬರೆದ ಪಟ್ಟಿ ಕೈಗೆ ಬರದೆ ಗಾಡಿ ತಿರುಗಿಸುವುದಿಲ್ಲ. ಹತ್ತಿಗೆ ಇರುವ ಆ ಎಚ್ಚರ ಮಕ್ಕಳ ದುಡಿಮೆಗೂ ಇರಲಿ.