ತೊಗಟೆಯೊಳಗಣ ಮನೆಗಳು

ಉತ್ತರ ಅಮೆರಿಕೆಯ ನದೀತೀರಗಳಲ್ಲಿ ಕಾಟನ್‌ವುಡ್ ಎಂಬ ಮಹಾವೃಕ್ಷವೊಂದು ಬೆಳೆಯುತ್ತದೆ. ಇದರ ಬೀಜಗಳು ಬಿಳಿಯ ಅರಳೆಯನ್ನು ತೊಟ್ಟು ಗಾಳಿಯಲ್ಲಿ ತೇಲುವುದರಿಂದ ಈ ಹೆಸರು ಬಂದಿತು. ನಮ್ಮ ಬೂರುಗದ ಮರಕ್ಕೂ ಇದಕ್ಕೂ ನಂಟಿಲ್ಲ. ಇದು ಕಾಶ್ಮೀರ, ಪಂಜಾಬುಗಳಲ್ಲಿ ಕಾಣುವ ಪಾಪ್ಲರ್ ಮರಗಳ ಕುಲಕ್ಕೆ ಸೇರಿದುದು. ಅಲಾಸ್ಕದಿಂದ ಕ್ಯಾಲಿಫೋರ್ನಿಯಾದವರೆಗೆ ಹಬ್ಬಿರುವ ಇದರ ಪಶ್ಚಿಮದ ಪ್ರಭೇದವು 150 ಅಡಿಗೂ ಮೀರಿ ಬೆಳೆಯಬಲ್ಲುದು. ವಿಜ್ಞಾನಿಗಳು ಮೊತ್ತಮೊದಲು ಒಂದು ಮರದ ವಂಶವಾಹಿಗಳ ಸಮಗ್ರ ಲಿಪಿಯನ್ನು ಓದಿ 2006ರಲ್ಲಿ ಪ್ರಕಟಿಸಿದಾಗ ಅವರು ಆರಿಸಿಕೊಂಡದ್ದೂ ಈ ಪ್ರಭೇದವನ್ನೇ.

ಆದರೆ ನಾವು ಇಲ್ಲಿ ಹೇಳಹೊರಟಿರುವುದು ಈ ಮರದ ತೊಗಟೆಯ ಮಾತು. ಹಳೆಯ ಮರಗಳಲ್ಲಿ ಅದು ನಾಲ್ಕಾರು ಅಂಗುಲ ದಪ್ಪವಿರುತ್ತದೆ. ಹೊರಗೆ ಬೂದುಬಣ್ಣದ, ಆಳವಾಗಿ ಬಿರಿದ ಒರಟು ಮೈ. ಕತ್ತಿ ತಾಗಿಸಿದರೆ ಒಳಗೆ ಬೆಲ್ಲದಂತಹ ಕೆಂಗಂದು ಬಣ್ಣ. ಮರಕ್ಕಿಂತ ಎಷ್ಟೋ ಮೃದು. ಈ ತೊಗಟೆಯ ತುಂಡುಗಳಲ್ಲಿ ಅಲ್ಲಿನ ಜನ ಪುಟ್ಟ ಪುಟ್ಟ ಮನೆಗಳನ್ನು ಕೆತ್ತುತ್ತಾರೆ. ಗೇಣುದ್ದದಿಂದ ಮೊಳದುದ್ದದವರೆಗಿನ ಈ ಮನೆಗಳಿಗೆ ವಾಸ್ತುಶಾಸ್ತ್ರದ ಕಟ್ಟಳೆಯೇನೂ ಇಲ್ಲ. ಮಾಡು ನಾಯಿಕೊಡೆಯಂತೆ ಬಾಗಿರುತ್ತದೆ, ಹೊಗೆಗೂಡು ಸೊಟ್ಟಗೆ ನಿಂತಿರುತ್ತದೆ, ಮೆಟ್ಟಿಲುಗಳು ಬಂಡೆಯನ್ನು ಬಳಸಿಕೊಂಡು ಏರಿ ಎಲ್ಲಿಗೋ ಹೋಗುತ್ತವೆ. ಬಾಗಿಲ ತಡೆಯಲ್ಲಿ ಅಕ್ಕಿಕಾಳಿನಷ್ಟು ಅಗುಳಿ. ಸುತ್ತಲಿನ ಒರಟು ಭಾಗವನ್ನು ಹಾಗೆಯೇ ಉಳಿಸುವುದರಿಂದ ಮನೆಯು ಬೆಟ್ಟದ ಬಿರುಕಿನಿಂದ ತಾನಾಗಿ ಮೂಡಿದಂತೆ ತೋರುತ್ತದೆ.

ಇದಕ್ಕೆ ಬೇಕಾದ ಸಲಕರಣೆ ಅತ್ಯಲ್ಪ: ಹರಿತವಾದ ಒಂದು ಚಿಕ್ಕ ಕತ್ತಿ, ಎರಡು ಮೂರು ಸಣ್ಣ ಉಳಿಗಳು, ಅಲಗು ಮಸೆಯಲು ತೊಗಲಿನ ಪಟ್ಟಿ. ಬೇಕಾಗುವುದು ಬಲವಲ್ಲ, ತಾಳ್ಮೆ. ತೊಗಟೆಯು ವರ್ಷ ವರ್ಷವೂ ಪದರಪದರವಾಗಿ ಬೆಳೆದುದಾದ್ದರಿಂದ ಅವಸರಪಟ್ಟರೆ ಪದರವೇ ಕಳಚಿ ಬರುತ್ತದೆ. ಎರಡು ದಿನ ಕೂತು ಕೆತ್ತಿದ ಮೆಟ್ಟಿಲು ಕ್ಷಣದಲ್ಲಿ ಪುಡಿಯಾಗುತ್ತದೆ. ಪಳಗಿದವರೂ ಅಂಟಿನ ಸೀಸೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಕಡೆಗೆ ಒಂದಿಷ್ಟು ಎಣ್ಣೆ ಅಥವಾ ಮೇಣ ಸವರಿದರೆ ಮುಗಿಯಿತು, ಬಣ್ಣದ ಅಗತ್ಯ ಬೀಳುವುದಿಲ್ಲ.

ನಮ್ಮನ್ನು ವಿಶೇಷವಾಗಿ ಸೆಳೆದದ್ದು ತೊಗಟೆಯನ್ನು ಸಂಗ್ರಹಿಸುವ ಕ್ರಮ. ಅದನ್ನು ಸತ್ತ ಮರದಿಂದ, ಬಿದ್ದ ಮರದಿಂದ ಮಾತ್ರ ತೆಗೆಯುತ್ತಾರೆ. ಎಲೆಗಳಲ್ಲಿ ಸಿದ್ಧವಾದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಅದನ್ನು ಕಿತ್ತರೆ ಮರವು ಹಸಿದು ಸಾಯುತ್ತದೆ. ನಮ್ಮಲ್ಲಿ ಅಶೋಕವೃಕ್ಷಕ್ಕೆ ಆದ ಗತಿ ಇದೇ. ಔಷಧಿಗೆಂದು ಜೀವಂತ ಮರಗಳ ತೊಗಟೆಯನ್ನು ಸುಲಿದು ಸುಲಿದು, ಸೀತೆಗೆ ನೆರಳಾದ ಆ ಮರವನ್ನು ಅಳಿವಿನ ಭೀತಿಯಲ್ಲಿರುವವುಗಳ ಪಟ್ಟಿಗೆ ಸೇರಿಸಿದ್ದೇವೆ. ಪೂಜ್ಯವೆನ್ನುತ್ತಲೇ ಸುಲಿಯುವವರು ನಾವು!

ಈ ಮರವನ್ನು ಆ ನೆಲದ ಮೂಲನಿವಾಸಿಗಳು ಬಹುಕಾಲದಿಂದ ಬಲ್ಲರು. ಲಕೋಟ ಜನರು ತಮ್ಮ ಸೂರ್ಯನೃತ್ಯದ ನಡುಗಂಬವನ್ನಾಗಿ ನಿಲ್ಲಿಸುವುದು ಇದನ್ನೇ. ಅರಿಜೋನದ ಹೋಪಿ ಜನರು ಇದರ ಬೇರಿನಿಂದ ತಮ್ಮ ದೈವಗಳ ಗೊಂಬೆಗಳನ್ನು ಕೆತ್ತಿ ಹೆಣ್ಣುಮಕ್ಕಳಿಗೆ ಕೊಡುತ್ತಾರೆ. ಇಷ್ಟು ಆಪ್ತವಾದ ಮರಕ್ಕೆ ಇಂದು ಕುತ್ತು ಬಂದಿದೆ. ಇದರ ಬೀಜಕ್ಕೆ ಆಯುಸ್ಸು ಕೆಲವೇ ವಾರ. ವಸಂತದ ನೆರೆ ಇಳಿದ ಮೇಲೆ ಉಳಿಯುವ ಹಸಿ ಮೆಕ್ಕಲಿನಲ್ಲಿ ಬಿದ್ದರೆ ಮಾತ್ರ ಅದು ಮೊಳೆಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಮಿಸೌರಿಯೇ ಮೊದಲಾದ ನದಿಗಳಿಗೆ ಅಣೆಕಟ್ಟುಗಳನ್ನು ಕಟ್ಟಿದ ಮೇಲೆ ಆ ನೆರೆ ನಿಂತಿತು. ಅಂತಹ ತೀರಗಳಲ್ಲಿ ಮುದಿಮರಗಳು ಒಂದೊಂದಾಗಿ ಉರುಳುತ್ತಿವೆ, ಸಸಿಗಳು ಮಾತ್ರ ಕಾಣುವುದಿಲ್ಲ.

ಈ ವಿದ್ಯೆಯ ವಿಷಯ ನಮಗೆ ತಿಳಿದದ್ದು ಬಾಗಲಕೋಟೆಯ ಕಡೆಯ ಭಕ್ತರೊಬ್ಬರಿಂದ. ನಿವೃತ್ತ ಶಿಕ್ಷಕರು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆಂದು ಆರೆಗನ್ ಪ್ರಾಂತಕ್ಕೆ ಹೋಗಿದ್ದರು. "ಮಗಾ ಸೊಸಿ ಮುಂಜಾನೆ ಹೋದ್ರ ಸಂಜೀಕ ಬರೂದು. ಪೂಜಾ ಮುಗಿಸಿ ಕುಂತ್ರ ಗಡಿಯಾರ ಸರಿಯೂದ ಇಲ್ರೀ ಶಾಸ್ತ್ರಿಗಳ" ಎಂದು ಅವರು ಹೇಳಿದಾಗ ನಮಗೆ ಇಂತಹ ಹಲವು ಹಿರಿಯರ ಮುಖಗಳು ಕಣ್ಣಮುಂದೆ ಬಂದವು. ಸಂತಾನ ವಿದೇಶದಲ್ಲಿದೆಯೆಂಬ ಹೆಮ್ಮೆ ಊರಿನಲ್ಲಿ. ಅಲ್ಲಿಗೆ ಹೋದರೆ ಕಿಟಕಿಯ ಪಕ್ಕದ ಕುರ್ಚಿ. ಈ ಸಂಕಟವನ್ನು ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಆಡುವವರು ಕಡಿಮೆ. ಅವರ ನೆರೆಮನೆಯ ಮುದುಕರೊಬ್ಬರು ತೊಗಟೆಯ ತುಂಡನ್ನೂ ಕತ್ತಿಯನ್ನೂ ತಂದು ಕೈಗಿತ್ತರಂತೆ. ಭಾಷೆ ಅಷ್ಟಕ್ಕಷ್ಟೆ, ಕೈಸನ್ನೆಯಲ್ಲೇ ಪಾಠ ನಡೆಯಿತು.

ಕೆಲವರು ಇದನ್ನೂ ಕಾಯಕವೆಂದು ಹೊಗಳಬಹುದು. ನಾವು ಅದಕ್ಕೆ ಒಪ್ಪುವುದಿಲ್ಲ. ಮೋಳಿಗೆಯ ಮಾರಯ್ಯನವರು ಸೌದೆ ಹೊತ್ತು ಮಾರಿದ್ದು, ಮೇದಾರ ಕೇತಯ್ಯನವರು ಬಿದಿರು ಸೀಳಿ ಮೊರ ಬುಟ್ಟಿ ಹೆಣೆದದ್ದು ಜೀವನಕ್ಕಾಗಿ, ದಾಸೋಹಕ್ಕಾಗಿ. ಹೊತ್ತು ಕಳೆಯುವ ಪ್ರತಿಯೊಂದು ಹವ್ಯಾಸಕ್ಕೂ ಆ ಹಿರಿಯ ಮಾತನ್ನು ಅಂಟಿಸಿದರೆ ಮಾತೇ ಸವೆದುಹೋಗುತ್ತದೆ. ಇದು ನಿರ್ದೋಷವಾದ ವಿನೋದ. ವೃದ್ಧಾಪ್ಯದಲ್ಲಿ ಅದೂ ಬೇಕು, ಅಷ್ಟೇ ಸಾಕು.

ಆ ಶಿಕ್ಷಕರು ಕೆತ್ತಿದ ಮೊದಲ ಮನೆಯು ಅಲ್ಲಿನವರದರಂತೆ ಚೂಪುಮಾಡಿನದಾಗಿತ್ತು. ಅದು ಒಡೆದು ಎರಡಾಯಿತು. ಎರಡನೆಯದು ಚಪ್ಪಟೆಯಾದ ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಒಂದು ಪಕ್ಕಕ್ಕೆ ದನಗಳ ಗೋದಲಿ, ಮೂಲೆಯಲ್ಲಿ ಬೆರಳುಗುರಿನಷ್ಟು ದೇವರ ಜಗುಲಿ. ಅದು ಅವರು ಹುಟ್ಟಿ ಬೆಳೆದ ಮನೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಕೆಲಭಾಗಗಳನ್ನು ಆವರಿಸಿದಾಗ ಅದೂ ಮುಳುಗಿತು. ಕುಟುಂಬ ನವನಗರಕ್ಕೆ ತೆರಳಿತು. ಪರಿಹಾರ ಬಂದಿತು, ಹೊಸಮನೆ ಎದ್ದಿತು. ಹಳೆಯ ಮನೆಯದೊಂದು ಭಾವಚಿತ್ರವೂ ಅವರ ಬಳಿ ಇರಲಿಲ್ಲ. ಬಾಗಿಲಿಗೆ ಎಷ್ಟು ಮೆಟ್ಟಿಲು, ಒನಕೆ ಒರಗಿಸುತ್ತಿದ್ದ ಮೂಲೆ ಯಾವುದು ಎಂದು ನೆನೆಯುತ್ತ ಊರಿನಲ್ಲಿದ್ದ ಅಕ್ಕನಿಗೆ ದೂರವಾಣಿಯಲ್ಲಿ ಕೇಳಿ ಕೇಳಿ ಕೆತ್ತಿದರಂತೆ. ಅಕ್ಕ ಮೂರು ಮೆಟ್ಟಿಲೆಂದರು, ಇವರ ನೆನಪಿನಲ್ಲಿ ನಾಲ್ಕು. ಕಡೆಗೆ ಅಕ್ಕನ ಮಾತೇ ನಿಂತಿತು.

ಎಂಟು ವರ್ಷದ ಮೊಮ್ಮಗ ಅದನ್ನು ತಿರುಗಿಸಿ ನೋಡಿ, "ಅಜ್ಜಾ, ಹೊಗೆಗೂಡು ಎಲ್ಲಿ?" ಎಂದು ಕೇಳಿದನಂತೆ. ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯನ್ನು ಅಜ್ಜ ತೋರಿಸಿದರು: ಬಿಸಿಲು ಇಳಿಯುವುದೂ ಇಲ್ಲಿಂದ, ಹೊಗೆ ಏರುವುದೂ ಇಲ್ಲಿಂದ, ಮಳೆ ಬಂದರೆ ಮುಚ್ಚಲು ಮೇಲಕ್ಕೆ ಓಡುತ್ತಿದ್ದವನು ನಾನು. ಅಂದಿನಿಂದ ಹುಡುಗನಿಗೆ ಶಾಲೆಯಿಂದ ಬಂದೊಡನೆ ಆ ಮನೆಯ ಕಥೆಯೇ ಬೇಕು, ಅದೂ ಕನ್ನಡದಲ್ಲಿ.

ಆ ಕಡೆಗೆ ತೆರಳುವ ಹಿರಿಯರಿಗೆ ಎರಡು ಮಾತು. ಬಿದ್ದ ಮರವಾದರೂ ನೆಲದ ಒಡೆಯರ ಅಪ್ಪಣೆಯಿಲ್ಲದೆ ತೊಗಟೆ ಮುಟ್ಟಬಾರದು. ತುಂಡನ್ನು ಹಿಡಿಯುವ ಎಡಗೈಗೆ ದಪ್ಪನೆಯ ಕೈಚೀಲ ತೊಡಬೇಕು. ಶಿಕ್ಷಕರ ಹೆಬ್ಬೆರಳಿನಲ್ಲಿ ಗಾಯದ ಗುರುತು ಇನ್ನೂ ಮಾಸಿಲ್ಲ. ಮುಂದಿನ ಬೇಸಗೆಗೆ ಮತ್ತೆ ಹೋಗುವವರಿದ್ದಾರೆ, ಓಣಿಯ ಉಳಿದ ಮನೆಗಳು ಬಾಕಿಯಿವೆಯಂತೆ.