ಕೇಬಲ್ಲಿನ ತುದಿಯಲ್ಲಿ ಹನ್ನೆರಡು ಟನ್ನಿನ ಬಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿ ಮಳೆಯನ್ನೇ ನೆಚ್ಚಿದ ಭೂಮಿ ವಿಶಾಲವಾದುದರಿಂದ, ಕೊಳವೆಬಾವಿಯ ನೀರನ್ನೆತ್ತುವ ಕರೆಂಟಿನ ಬೆಲೆಯನ್ನು ಅಲ್ಲಿಯ ರೈತನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಹೊಲದಂಚಿನ ಟಿ.ಸಿ.ಯನ್ನೂ (ಟ್ರಾನ್ಸ್‌ಫಾರ್ಮರನ್ನೂ) ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನೂ ಎಲ್ಲರೂ ಕಾಣುವರು; ಆದರೆ ಅವುಗಳ ದಪ್ಪ ಕೇಬಲ್ಲಿನ ತುದಿಗೆ ಲಗ್ಸ್ ಎಂಬ ಲೋಹದ ಕೊಳವೆ ತೊಡಿಸಿ ಒತ್ತುವ ಕುಶಲಕರ್ಮವನ್ನೂ, ಅದಕ್ಕೆ ಸಾಧನವಾದ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲನ್ನೂ ಬಲ್ಲವರು ವಿರಳ.

ಈ ಒತ್ತುವಿಕೆಯ ಮಹತ್ತ್ವವು ಉಷ್ಣದ ಲೆಕ್ಕದಿಂದ ಸ್ಪಷ್ಟವಾಗುತ್ತದೆ. 100 ಕೆ.ವಿ.ಎ. ಟಿ.ಸಿ.ಯು ಪೂರ್ಣಭಾರದಲ್ಲಿರುವಾಗ 433 ವೋಲ್ಟಿನ ಕಡೆಯಲ್ಲಿ ಪ್ರತಿಯೊಂದು ಫೇಸಿನಲ್ಲಿಯೂ ಸುಮಾರು 133 ಆಂಪಿಯರ್ ಪ್ರವಹಿಸುತ್ತದೆ. ಪ್ರವಾಹ ಇಮ್ಮಡಿಯಾದರೆ ಸಂಧಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಕೇಬಲ್ಲಿನ ಎಳೆಗಳ ಅಲ್ಯೂಮಿನಿಯಮ್ಮಾದರೋ ಗಾಳಿ ಸೋಂಕಿದ ಕೂಡಲೇ ವಿದ್ಯುತ್ತನ್ನು ತಡೆಯುವ ಆಕ್ಸೈಡಿನ ತೆಳುಪೊರೆಯನ್ನು ಹೊದೆಯುವ ಲೋಹ. ಸುತ್ತಿಗೆಯಿಂದ ಜಜ್ಜಿದ ಲಗ್ಸಿನೊಳಗೆ ಎಳೆಗಳ ನಡುವೆ ಪೊಳ್ಳು ಉಳಿದರೆ ಅಲ್ಲಿ ಶಾಖವೇರಿ, ಶಾಖದಿಂದ ಸಂಧಿ ಇನ್ನಷ್ಟು ಸಡಿಲಗೊಂಡು, ಕಡೆಗೆ ಪಂಪುಗಳೆಲ್ಲ ಒಮ್ಮೆಗೇ ಓಡುವ ವೇಳೆಯಲ್ಲಿ ಆ ತುದಿಯೇ ಸುಟ್ಟುಹೋಗುತ್ತದೆ.

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ಆಧರಿಸಿ, ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಅದೇ ತತ್ತ್ವ ಇಂದು ಒಬ್ಬನ ಕೈಗೆ ನಿಲುಕುವ ಸಾಧನವಾಗಿದೆ. ಹಿಡಿಕೆಯನ್ನು ಮತ್ತೆ ಮತ್ತೆ ಅದುಮಿದಂತೆ ಸಣ್ಣ ಪಿಸ್ಟನ್ ಎಣ್ಣೆಯನ್ನು ದೊಡ್ಡ ಪಿಸ್ಟನ್ನಿನ ಹಿಂದೆ ದೂಡುತ್ತದೆ. ಚದರ ಸೆಂಟಿಮೀಟರಿಗೆ 700 ಕಿಲೋಗ್ರಾಂ ಒತ್ತಡವೇರಿದಾಗ, 17 ಚದರ ಸೆಂಟಿಮೀಟರ್ ಮುಖದ ಪಿಸ್ಟನ್ನಿನ ಮೇಲೆ ಹನ್ನೆರಡು ಟನ್ನಿಗೆ ಸಮೀಪವಾದ ಬಲ ಒದಗುತ್ತದೆ. ಆ ಬಲಕ್ಕೆ ಸಿಕ್ಕ ಎಳೆಗಳು ಷಟ್ಕೋನದ ಡೈಗಳ (ಒತ್ತಚ್ಚುಗಳ) ನಡುವೆ ಒಂದಕ್ಕೊಂದು ಬೆಸೆದಂತಾಗಿ ಘನಲೋಹದ ದಾರ್ಢ್ಯವನ್ನು ಪಡೆಯುತ್ತವೆ.

ಆದರೂ ಸಾಧನವು ಕರ್ಮಿಯ ವಿವೇಕವನ್ನು ಅನಾವಶ್ಯಕಗೊಳಿಸಿಲ್ಲ. ಎಲ್‌.ಸಿ. (ಲೈನ್ ಕ್ಲಿಯರ್) ಪಡೆದು, ಲೈನಿನಲ್ಲಿ ಕರೆಂಟಿಲ್ಲವೆಂದು ಪರೀಕ್ಷಿಸಿ, ಅರ್ಥಿಂಗ್ ಮಾಡಿದ ಬಳಿಕವೇ ಅವನು ಕೇಬಲ್ಲನ್ನು ಮುಟ್ಟತಕ್ಕದ್ದು. ಲಗ್ಸಿನ ಕೊಳವೆಯ ಉದ್ದಕ್ಕೆ ತಕ್ಕಷ್ಟೇ ಹೊದಿಕೆ ಸುಲಿದು, ಎಳೆಗಳನ್ನು ತಂತಿಬ್ರಷ್‌ನಿಂದ ಉಜ್ಜಿ, ಆಕ್ಸೈಡನ್ನು ತಡೆಯುವ ಪೇಸ್ಟನ್ನು ಸವರಿ, 95 ಚದರ ಮಿಲಿಮೀಟರ್ ಕೇಬಲ್ಲಿಗೆ ಅದೇ ಅಳತೆಯ ಲಗ್ಸನ್ನೂ ಅದಕ್ಕೊಪ್ಪುವ ಡೈಯನ್ನೂ ಆರಿಸಿ, ಡೈಗಳೆರಡೂ ಪೂರ್ಣವಾಗಿ ಕೂಡುವವರೆಗೆ ಒತ್ತಬೇಕು. ತಾಮ್ರದ ಪಟ್ಟಿಗೆ ಅಲ್ಯೂಮಿನಿಯಂ ಕೇಬಲ್ ಸೇರಬೇಕಾದಲ್ಲಿ ದ್ವಿಲೋಹದ ಲಗ್ಸೇ ಯೋಗ್ಯ. ಇಲ್ಲವಾದರೆ ತೇವ ತಗುಲಿದೊಡನೆ ಅಲ್ಯೂಮಿನಿಯಂ ಕ್ಷಯಿಸತೊಡಗುತ್ತದೆ.

ಇಷ್ಟೆಲ್ಲ ಶ್ರದ್ಧೆಯಿಂದ ಆದ ಕೆಲಸ ಕೆಲವೇ ನಿಮಿಷಗಳದು; ಅದರ ಫಲ ವರ್ಷಾನುವರ್ಷ ನಿಲ್ಲತಕ್ಕದ್ದು. ಆದ್ದರಿಂದ ಲೈನ್‌ಮನ್ನರಿಗೂ ಹಳ್ಳಿಯ ವೈರಿಂಗ್ ಕೆಲಸಗಾರರಿಗೂ ಈ ಸಾಧನವು ಡೈಗಳ ಪೂರ್ಣ ಜೋಡಣೆಯೊಡನೆ ದೊರೆಯಬೇಕು, ಐ.ಟಿ.ಐ. ವಿದ್ಯಾರ್ಥಿಗಳ ಕೈಗೆ ಇದರ ಅಭ್ಯಾಸವಾಗಬೇಕು. ಹೊಸ ಟಿ.ಸಿ.ಗಾಗಿ ಅರ್ಜಿ ಹಿಡಿದು ಕಾಯುವ ರೈತನು, ಬಂದ ಟಿ.ಸಿ.ಯ ಕೇಬಲ್ಲಿನ ತುದಿಯನ್ನು ಹೇಗೆ ಒತ್ತಿದರೆಂದು ಕೇಳುವಷ್ಟು ಈ ವಿದ್ಯೆಯನ್ನು ಅರಿತನಾದರೆ, ಅವನ ಬೆಳೆಗೂ ಕರ್ಮಿಯ ಗೌರವಕ್ಕೂ ಅದರಿಂದ ಹಿತವೇ ಆಗುವುದು.